ಈಜಿಗೆ ಹೊರಟ ಮಗಳಿಗೆ

ಪುಟ್ಟೀ,

ಬೆಳಗಿನ ಬ್ಯಾಚಿಗೆ ಸೇರಿದ್ದು ಒಳ್ಳೇದಾಯ್ತು. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡ. ಒಂದು ಬಾಳೆಹಣ್ಣೋ, ಅರ್ಧ ಲೋಟ ರಾಗಿ ಅಂಬಲಿಯೋ ಸಾಕು. ಈಜಿ ಬಂದ ಮೇಲೆ ಹಸಿವು ಹೇಗೂ ಜಾಸ್ತಿ, ಆಗ ಹಾಸ್ಟೆಲ್ ದೋಸೆ ಹೊಟ್ಟೆ ತುಂಬ ತಿನ್ನು. "ಉಂಡು ನೀರಿಗಿಳಿದರೆ ಕೈಕಾಲು ಹಿಡ್ಕೊಂಡು ಮುಳುಗಿಹೋಗ್ತಾರೆ" ಅಂತ ಅಜ್ಜಿ ಹೆದರಿಸುತ್ತಾರಲ್ಲ, ಅದಕ್ಕೆ ಅಂಥ ಆಧಾರವೇನೂ ಇಲ್ಲ. ಹೊಟ್ಟೆ ಭಾರವಾಗಿ ವಾಂತಿ ಬಂದ ಹಾಗಾಗಬಹುದು. ಅದಕ್ಕೇ ಮುದ್ದೆ ಉಂಡ ಕೈಯಲ್ಲೇ ಇಳಿಯಬೇಡ, ಅಷ್ಟೇ. ಇದನ್ನು ಹಿಡಿದುಕೊಂಡು ಅಜ್ಜಿ ಹತ್ತಿರ ವಾದಕ್ಕೆ ನಿಲ್ಲಬೇಡ ಮತ್ತೆ!

ನೀರೊಳಗೆ ಬೆವರುವುದು ಗೊತ್ತೇ ಆಗುವುದಿಲ್ಲ. ಬಾಟಲಿ ದಡದಲ್ಲಿಟ್ಟುಕೊಂಡು ನಡುನಡುವೆ ಕುಡಿ. ಕೊಳದ ನೀರನ್ನು ಮಾತ್ರ ನುಂಗಬೇಡ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಜೀವಿ ಕ್ಲೋರಿನ್ ಹಾಕಿದ ನೀರಲ್ಲೂ 7 ದಿನಕ್ಕಿಂತ ಹೆಚ್ಚು ಬದುಕಿರುತ್ತದೆ. ನಿನಗೇ ಹೊಟ್ಟೆ ಕೆಟ್ಟಿದ್ದರೆ ರಜೆ ಹಾಕು.

ನನಗೆ ಚಿಂತೆ ಇರುವುದು ದೊಡ್ಡಪ್ಪನ ತೋಟದ ಕೃಷಿ ಹೊಂಡದ್ದು. ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತೀಯ, ಜೊತೆಗೆ ತಮ್ಮಂದಿರು ಬೇರೆ. ಈಜು ಬರುತ್ತಲ್ಲ ಅಂತ ಸುಮ್ನೆ ಇಳಿದುಬಿಡಬೇಡ. ನಾವೆಲ್ಲ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು. ಆ ಬಾವಿಗೆ ಮೆಟ್ಟಿಲಿತ್ತು. ಹೊಂಡಕ್ಕೆ ಮೆಟ್ಟಿಲಿಲ್ಲ. ನೀರು ಇಂಗದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನಾಲ್ಕೂ ಕಡೆ ಇಳಿಜಾರು, ಹಾಳೆಯ ಮೇಲೆ ಪಾಚಿ. ಕಾಲೂರಿದರೆ ಜಾರುತ್ತದೆ, ಕೈ ಊರಿದರೂ ಜಾರುತ್ತದೆ. ಹಿಡಿದುಕೊಳ್ಳಲು ಒಂದು ಬೇರಿಲ್ಲ, ಕಲ್ಲಿಲ್ಲ. ಚೆನ್ನಾಗಿ ಈಜುವವರೂ ಮೇಲೆ ಹತ್ತಲಾಗದೆ ಸುಸ್ತಾಗಿ ಮುಳುಗುತ್ತಾರೆ. ಎಳೆಯಲು ಹೋದವರು ಅವರ ಹಿಂದೆಯೇ.

ಮುಳುಗುವವರು ಸಿನಿಮಾದಲ್ಲಿ ತೋರಿಸಿದ ಹಾಗೆ ಕೂಗಿಕೊಳ್ಳುವುದು ಕಡಿಮೆ, ಉಸಿರಿಗೇ ಪುರುಸೊತ್ತಿರುವುದಿಲ್ಲ. ಹಾಗಾಗಿ ಹುಡುಗರು ಹೊಂಡದ ಹತ್ತಿರ ಆಡುವಾಗ ಫೋನ್ ನೋಡುತ್ತ ಕೂರಬೇಡ. ಯಾರಾದರೂ ಜಾರಿದರೆ ನೀನು ಹಾರಬೇಡ. ದಡದಲ್ಲಿ ಮಲಗಿ ಹಗ್ಗವನ್ನೋ ಗಟ್ಟಿ ಪೈಪನ್ನೋ ಚಾಚು. ಇಲ್ಲವಾದರೆ ಮುಚ್ಚಳ ಬಿಗಿಯಾಗಿರುವ ಖಾಲಿ ಕ್ಯಾನ್ ಎಸೆ, ತೇಲುತ್ತದೆ. ಜೋರಾಗಿ ಕೂಗಿ ಜನ ಸೇರಿಸು, 112ಕ್ಕೆ ಫೋನ್ ಮಾಡಿಸು.

ಬೇಲಿ ಹಾಕಿಸಿ, ಗಂಟು ಹಾಕಿದ ಹಗ್ಗ ಒಳಕ್ಕೆ ಇಳಿಬಿಡಿ ಅಂತ ದೊಡ್ಡಪ್ಪನಿಗೆ ಹೇಳಿದ್ದೆ. ಬೇಲಿ ಆಗಿದೆಯಂತೆ. ಹಗ್ಗಕ್ಕೆ "ನಾಳೆ ನೋಡೋಣ" ಅಂದಿದ್ದಾರೆ. ನೀನು ಹೋದ ದಿನವೇ ಎದುರು ನಿಂತು ಕಟ್ಟಿಸು. ನಿನ್ನ ಮಾತಾದರೆ ತೆಗೆದುಹಾಕುವುದಿಲ್ಲ ಅವರು.

ನಿನ್ನ,
ಅಮ್ಮ