ತೇರಿನ ಮುಂದಿನ ಫೋಟೊ ವಿಚಾರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹಂಪಿಯ ಕಲ್ಲಿನ ತೇರಿನ ಮುಂದೆ ನಿನ್ನ ಅಜ್ಜ ಅಜ್ಜಿಯನ್ನು, ಅಂದರೆ ನನ್ನ ಅಪ್ಪ ಅವ್ವನನ್ನು, ನಿಲ್ಲಿಸಿ ನಾನು ಹಿಂದೆ ತೆಗೆದ ಫೋಟೊವನ್ನು ಈಗ ಅಜ್ಜಿಯೊಬ್ಬಳನ್ನೇ ನಿಲ್ಲಿಸಿ ಅದೇ ಜಾಗದಿಂದ ಮತ್ತೆ ತೆಗೆಯಬೇಕು ಅಂದಿದ್ದೀಯ. ಲೆನ್ಸು, ಸಾಫ್ಟ್‌ವೇರಿನ ಮಾತು ಬಿಡು, ಅದೆಲ್ಲ ನಿನಗೇ ಜಾಸ್ತಿ ಗೊತ್ತು. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, 'ಅಜ್ಜನ ಜಾಗ ಖಾಲಿ ಕಂಡು ಅಜ್ಜಿ ಅತ್ತುಬಿಟ್ಟರೆ?' ಅಂತ, ಅದೇ ತಲೆಯಲ್ಲಿ ಕೂತಿದೆ.

ಹಳೇ ಫೋಟೊದಿಂದ ಅಜ್ಜನನ್ನು ತೆಗೆದು ಹೊಸದರಲ್ಲಿ ಮಸುಕಾಗಿ ನಿಲ್ಲಿಸಲಾ ಅಂತ ಕೇಳಿದ್ದೀಯ. ನನಗೇನೋ ಬೇಡ ಅನಿಸುತ್ತದೆ. ಸ್ಟುಡಿಯೋದಲ್ಲಿ ಆ ಕೆಲಸ ಎಷ್ಟೋ ಮಾಡಿದ್ದೇವೆ. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಬರುತ್ತಿದ್ದರು. ಅಪ್ಪ ಅಮ್ಮನ ಜೋಡಿ ಫೋಟೊ ಇಲ್ಲ, ಮಾಡಿಕೊಡಿ ಅನ್ನುತ್ತಿದ್ದರು. ಎರಡು ಪ್ರಿಂಟು ಹಾಕಿ, ಬ್ಲೇಡಿನಲ್ಲಿ ಕತ್ತರಿಸಿ, ಅಂಚು ಕಾಣದ ಹಾಗೆ ಹಿಂದಿನಿಂದ ಉಜ್ಜಿ ತೆಳ್ಳಗೆ ಮಾಡಿ ಅಂಟಿಸುತ್ತಿದ್ದೆವು. ಬ್ರಶ್ಶಿನಲ್ಲಿ ತಿದ್ದಿ ಅದನ್ನೇ ಮತ್ತೆ ಫೋಟೊ ಹೊಡೆಯುತ್ತಿದ್ದೆವು. ದುಡ್ಡೂ ಬರುತ್ತಿತ್ತು. ಆದರೆ ಮೂಲೆಯ ಬೆಂಚಿನ ಮೇಲೆ ಕೂತಿರುತ್ತಿದ್ದ ಆ ತಾಯಿಯನ್ನು, 'ಅಮ್ಮಾ, ನಿಮಗಿದು ಬೇಕಾ?' ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಅದು ಚುಚ್ಚುತ್ತದೆ.

ನೀನು ಅಜ್ಜಿಯನ್ನು ಕೇಳಿದ್ದೀಯಾ? ಪತ್ರದಲ್ಲಿ ಆ ಮಾತೇ ಇಲ್ಲ.

ಗ್ರೀನ್‌ಲಾ ಅನ್ನೋ ಸೈನ್ಯದ ಅಧಿಕಾರಿ 1856ರಲ್ಲಿ ಇದೇ ಕಲ್ಲಿನ ತೇರಿನ ಫೋಟೊ ತೆಗೆದಿದ್ದ. ಅದರಲ್ಲಿ ತೇರಿನ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗಿಲ್ಲ. ನಮ್ಮ ಐವತ್ತರ ನೋಟಿನಲ್ಲೂ ಬೋಳು ತಲೆಯ ತೇರೇ ಇರೋದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣು ಮೊದಲು ಹೋಗೋದು ಇಲ್ಲದಿರೋದರ ಕಡೆಗೇ. ಖಾಲಿಯನ್ನು ತುಂಬಿಸಿಬಿಟ್ಟರೆ ನೋಡೋಕೆ ಏನುಳಿಯುತ್ತದೆ? ಕಲ್ಲಿನ ಮಾತು ಬೇರೆ, ಅವ್ವನ ಮಾತು ಬೇರೆ ಅಂತೀಯ. ಅದೂ ಸರಿಯೇ.

ನೀನು ಕೇಳಿದ್ದಕ್ಕೆ ಒಂದೆರಡು ಹೇಳುತ್ತೇನೆ, ಬೇಕಾದರೆ ಇಟ್ಟುಕೋ. ನಮ್ಮ ಆ ಹಳೇ ಫೋಟೊ ತೆಗೆದಿದ್ದು ಎರವಲು ತಂದ ಯಾಶಿಕಾದಲ್ಲಿ, ಮೇಲಿಂದ ಬಗ್ಗಿ ನೋಡೋ ಕ್ಯಾಮೆರಾ. ಹೊಟ್ಟೆಯ ಮಟ್ಟದಲ್ಲಿ ಹಿಡಿದಿದ್ದೆ. ನೀನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಏನು ಮಾಡಿದರೂ ಕೂಡಿಬರಲ್ಲ. ಮೊದಲು ನಿಲ್ಲೋ ಜಾಗ ಹುಡುಕು, ಲೆನ್ಸು ಆಮೇಲೆ. ಹತ್ತಿರದ ಆನೆಯ ಸೊಂಡಿಲು ಹಿಂದಿನ ಯಾವ ಕಂಬಕ್ಕೆ ತಾಗಿದಂತೆ ಕಾಣುತ್ತದೆ ಅಂತ ಹಳೇ ಫೋಟೊದಲ್ಲಿ ನೋಡಿಕೋ. ಅಲ್ಲಿ ಎಡಕ್ಕೆ ಬಲಕ್ಕೆ ಸರಿದು ಅದೇ ಹೊಂದಿಕೆ ಬರೋವರೆಗೂ ಕ್ಲಿಕ್ ಮಾಡಬೇಡ.

ಆಗ ಅದು ಸಂಕ್ರಾಂತಿಯ ಆಸುಪಾಸು, ಬೆಳಗಿನ ಹೊತ್ತು. ತಪ್ಪಿದರೆ ಚಿಂತೆಯಿಲ್ಲ, ನವೆಂಬರ್ ಕೊನೆಯಲ್ಲೂ ಬಿಸಿಲು ಹೆಚ್ಚುಕಡಿಮೆ ಅದೇ ಓರೆಯಲ್ಲಿ ಬೀಳುತ್ತದೆ. ನೆರಳು ಹೊಂದದಿದ್ದರೆ ಕಂಪ್ಯೂಟರಿನಲ್ಲಿ ಒದ್ದಾಡಬೇಕಾಗುತ್ತದೆ. ಈಗ ತೇರಿನ ಹತ್ತಿರ ಬಿಡಲ್ಲ, ಸುತ್ತ ತಡೆ ಹಾಕಿದ್ದಾರೆ. ಆಗಿನ ಹಾಗೆ ಚಕ್ರಕ್ಕೆ ಒರಗಿ ನಿಲ್ಲೋಕಾಗಲ್ಲ. ಟ್ರೈಪಾಡಿಗೆ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸು. ಇವೆಲ್ಲ ನಿನಗೆ ಗೊತ್ತಿರುತ್ತದೆ, ಸುಮ್ನೆ ಬರೆದೆ.

ಮತ್ತೆ ನಿನ್ನ ಆ ಕೊನೆಯ ಸಾಲಿಗೇ ಬರುತ್ತೇನೆ. ಅಜ್ಜಿ ಅಳಬಹುದು. ಅಥವಾ ನೀನು ತೋರಿಸಿದ ಕಡೆ ನಿಲ್ಲದೆ ಸೀದಾ ಅಪ್ಪನ ಜಾಗದಲ್ಲೇ ಹೋಗಿ ನಿಲ್ಲಬಹುದು. ಅವ್ವನನ್ನು ಬಲ್ಲವನಾಗಿ ಹೇಳುತ್ತೇನೆ, ಎರಡನೆಯದೇ ಆಗೋದು ಜಾಸ್ತಿ. ಆಗ 'ಅಜ್ಜೀ, ಇತ್ತ ಸರಿ' ಅನ್ನಬೇಡ. ಹೊಂದಿಕೆ ಹಾಳಾದರೆ ಆಗಲಿ. ಇಷ್ಟು ವರ್ಷ ಕ್ಯಾಮೆರಾ ಹಿಡಿದು ಊರಿನ ಮದುವೆಗಳನ್ನೆಲ್ಲ ತೆಗೆದೆ, ಅವ್ವ ಒಬ್ಬಳೇ ಇರೋ ಫೋಟೊ ನನ್ನ ಹತ್ತಿರ ಒಂದೂ ಇಲ್ಲ ಕಣೇ. ಎಲ್ಲದರಲ್ಲೂ ಯಾರದೋ ಪಕ್ಕ, ಯಾರದೋ ಹಿಂದೆ.

ಗಾಡಿ ದೂರದಲ್ಲೇ ನಿಲ್ಲಿಸಬೇಕು, ಅಲ್ಲಿಂದ ಬ್ಯಾಟರಿ ಗಾಡಿ. ಸರದಿ ಉದ್ದ ಇರುತ್ತದೆ, ಮಡಚೋ ಕುರ್ಚಿ ಒಯ್ಯಿ. ಮನೆಯಲ್ಲಿರೋ ಪ್ರಿಂಟು ನೋಡಿ ಅಳತೆ ಹಾಕಬೇಡ, ಫ್ರೇಮಿಗೆ ಕೂರಿಸಲು ಅದರ ಅಂಚು ಕತ್ತರಿಸಿದ್ದಾರೆ. ನೆಗೆಟಿವ್ ಟ್ರಂಕಿನಲ್ಲಿರಬೇಕು. ಭಾನುವಾರ ತೆಗೆದು ನೋಡುತ್ತೇನೆ, ಸಿಕ್ಕರೆ ಫೋನ್ ಮಾಡುತ್ತೇನೆ.

ನಿನ್ನ ಮಾವ