ಓಟದ ವೇಗಕ್ಕಷ್ಟೇ ಅಂಕ ಏಕೆ?

ಮಾನ್ಯ ಸಂಪಾದಕರೇ,

ಕಾಲೇಜಿನಲ್ಲಿ ಕ್ರೀಡೆಯನ್ನು ವೃತ್ತಿಪರ ವಿಷಯವಾಗಿ ಓದುತ್ತೇನೆ ಎಂದವರಿಗೆ ‘ಬೇರೇನೂ ಸಿಗಲಿಲ್ಲವೇ?’ ಎಂಬ ಮಾತು ತಪ್ಪಿದ್ದಲ್ಲ. ಈ ವಿಷಯ ಕಲಿಸುವ ನನಗೆ ಆ ತಾತ್ಸಾರಕ್ಕಿಂತ ಹೆಚ್ಚು ನೋವು ಕೊಡುವುದು ನಮ್ಮದೇ ಪರೀಕ್ಷೆಯ ರೀತಿ. ಎಷ್ಟೋ ಕಡೆ ಪ್ರಾಕ್ಟಿಕಲ್ ಎಂದರೆ ವಿದ್ಯಾರ್ಥಿ ಎಷ್ಟು ಬೇಗ ಓಡಿದ, ಎಷ್ಟು ದೂರ ಜಿಗಿದ ಎಂಬ ಲೆಕ್ಕವಷ್ಟೇ. ಆಟಗಾರರ ಆಯ್ಕೆಗೆ ಅದು ಸರಿ. ಆದರೆ ಈ ಕೋರ್ಸ್ ಓದಿದ ಹೆಚ್ಚಿನವರು ಮುಂದೆ ಕೋಚ್, ಫಿಟ್‌ನೆಸ್ ಟ್ರೈನರ್, ರೆಫರಿ, ಲೈಫ್‌ಗಾರ್ಡ್ ಆಗುತ್ತಾರೆ. ಅವರು ಅನ್ನ ಸಂಪಾದಿಸುವುದು ಆಡಿ ಅಲ್ಲ, ಆಡಿಸಿ.

ಮಂಡಿಯನ್ನೇ ತೆಗೆದುಕೊಳ್ಳಿ. ಜಿಗಿದು ನೆಲಕ್ಕಿಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಎಸಿಎಲ್ ಎಂಬ, ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಹರಿಯುವ ಅಪಾಯವಿದೆ. ಹುಡುಗಿಯರಲ್ಲಿ ಅದು ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು 9 ತಿಂಗಳಾದರೂ ಕಾಯಬೇಕಾಗುತ್ತದೆ. ಇಂಥ ಗಾಯ ತಡೆಯಲೆಂದೇ ಫುಟ್‌ಬಾಲ್‌ನಲ್ಲಿ ‘ಫಿಫಾ 11 ಪ್ಲಸ್’ ಎಂಬ ಸುಮಾರು 20 ನಿಮಿಷದ ವಾರ್ಮ್ ಅಪ್ ಇದೆ. ನನ್ನ ವಿದ್ಯಾರ್ಥಿನಿಯೊಬ್ಬಳು ವಾಲಿಬಾಲ್ ಅಭ್ಯಾಸದ ನಡುವೆ ಕಿರಿಯ ಹುಡುಗಿಯನ್ನು ಪಕ್ಕಕ್ಕೆ ಕರೆದು, ಮಂಡಿಯನ್ನು ಕಾಲ್ಬೆರಳಿನ ನೇರಕ್ಕೆ ಬಗ್ಗಿಸಿ ಸದ್ದಾಗದಂತೆ ಇಳಿಯುವುದನ್ನು ಹೇಳಿಕೊಟ್ಟಳು. ಮತ್ತೆ ಮತ್ತೆ ಜಿಗಿಸಿ, ಮುಂದಿನಿಂದ, ಪಕ್ಕದಿಂದ ನೋಡಿ, ಸರಿಯಾದ ಮೇಲೆಯೇ ಆಟಕ್ಕೆ ಬಿಟ್ಟಳು. ಅವಳ ಓಟ ನಿಧಾನ. ಹಾಗಾಗಿ ಪ್ರಾಕ್ಟಿಕಲ್‌ನಲ್ಲಿ ಅಂಕವೂ ಕಡಿಮೆ. ಇದು ಯಾವ ನ್ಯಾಯ?

ಪ್ರಾಣ ಉಳಿಸುವ ಮಾತೂ ಇದೆ. 2021ರ ಜೂನ್ 12ರಂದು ಯೂರೋ ಕಪ್ ಫುಟ್‌ಬಾಲ್ ಪಂದ್ಯದಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಹೃದಯಸ್ತಂಭನವಾಗಿ ಕುಸಿದರು. ಮೈದಾನದಲ್ಲೇ ಸಿಪಿಆರ್ (ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ) ಮಾಡಿ, ಡಿಫಿಬ್ರಿಲೇಟರ್‌ನಿಂದ ಹೃದಯಕ್ಕೆ ವಿದ್ಯುತ್ ಶಾಕ್ ಕೊಟ್ಟದ್ದರಿಂದ ಬದುಕಿದರು, ಮರುವರ್ಷ ವಿಶ್ವಕಪ್ಪನ್ನೂ ಆಡಿದರು. ಮಕ್ಕಳ ಪಂದ್ಯಗಳಲ್ಲಿ ವೈದ್ಯರ ತಂಡ ಇರುವುದು ಅಪರೂಪ. ಇರುವುದು ಕೋಚ್ ಒಬ್ಬರೇ. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅದು ಕೈಗೆ ಹತ್ತುವುದಿಲ್ಲ. ಬೊಂಬೆಯ ಮೇಲೆ ಬೆವರಿಳಿಯುವಷ್ಟು ಹೊತ್ತು ಒತ್ತಿಯೇ ಕಲಿಯಬೇಕು, ಪರೀಕ್ಷಕರೂ ಅದನ್ನು ನಿಂತು ನೋಡಬೇಕು.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರಾಕ್ಟಿಕಲ್ ಅಂಕಗಳಲ್ಲಿ ಅರ್ಧದಷ್ಟನ್ನಾದರೂ ತರಬೇತಿ ಕೊಡುವ ಕೆಲಸಕ್ಕೆ ಮೀಸಲಿಡಿ. ಪರಿಚಯವಿಲ್ಲದ ಮಕ್ಕಳ ಗುಂಪೊಂದನ್ನು ವಿದ್ಯಾರ್ಥಿಯ ಕೈಗೊಪ್ಪಿಸಿ, ಒಂದು ಗಂಟೆ ಆಡಿಸಲು ಹೇಳಿ. ಹಿಂದೆ ಬೀಳುವ ಮಗುವನ್ನು, ಗಾಲಿಕುರ್ಚಿಯಲ್ಲಿ ಕುಳಿತ ಮಗುವನ್ನು ಆಟಕ್ಕೆ ಹೇಗೆ ಸೇರಿಸಿಕೊಳ್ಳುತ್ತಾರೆ ನೋಡಿ. ಈ ವ್ಯಾಯಾಮ ಯಾವ ಸ್ನಾಯುವಿಗೆ, ಈಗಲೇ ಏಕೆ ಎಂಬ ಪ್ರಶ್ನೆಗಳನ್ನೂ ಅಲ್ಲೇ ಕೇಳಿ, ಉತ್ತರಕ್ಕೆ ಅಂಕ ಕೊಡಿ.

– ಒಬ್ಬ ಕ್ರೀಡಾ ಉಪನ್ಯಾಸಕ