ಹತ್ತುವ ಮೊದಲು ಇಳಿಯುವ ದಾರಿ ಕೇಳಿಕೋ

ಶಿರಸಿ,
ನವೆಂಬರ್

ಪ್ರೀತಿಯ ಕೂಸೇ,

ಈ ತಿಂಗಳ ಕೊನೆಯ ರಜೆಯಲ್ಲಿ ಗೆಳತಿಯರ ಜೊತೆ ಅಮೆರಿಕದ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀಗೆ ಬಂಡೆ ಹತ್ತಲು ಹೋಗುತ್ತೇನೆ ಎಂದೆಯಲ್ಲ, ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಖಂಡಿತ ಹೋಗಿ ಬಾ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಯಾವ ಬಂಡೆಗಾದರೂ ಸರಿ, ಕೈ ಹಚ್ಚುವ ಮೊದಲು ಅದರಿಂದ ಇಳಿಯುವುದು ಹೇಗೆ ಎಂದು ಕೇಳಿಕೋ. ಫೋನಿನಲ್ಲಿ ಹೇಳಿದರೆ ‘ಆಯ್ತು ಆಯಿ’ ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಶಾಲೆಯಲ್ಲಿ ಭೂಗೋಳ ಕಲಿಸಿದವಳು ನಾನು. ಆ ಹೆಸರು ಕೇಳಿದ ಮೇಲೆ ಓದದೆ ಇರಲಾಗಲಿಲ್ಲ. ಮೊಜಾವೆ, ಕೊಲೊರಾಡೊ ಎಂಬ ಎರಡು ಮರುಭೂಮಿಗಳು ಕೂಡುವ ಜಾಗ ಅದು. 1936ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನ. ವಿಸ್ತಾರ ಸುಮಾರು 3,200 ಚದರ ಕಿಲೋಮೀಟರ್, ಅಂದರೆ ನಮ್ಮ ಜಿಲ್ಲೆಯ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಹಗ್ಗ ಕಟ್ಟಿ ಹತ್ತುವ ದಾರಿಗಳೇ ಅಲ್ಲಿ ಸಾವಿರಾರು ಇವೆ.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಕಲ್ಲಿನ ಕಥೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ಮೆಲ್ಲಗೆ ಆರಿ ಗಟ್ಟಿಯಾಯಿತು. ಅದು ಒಂದು ಜಾತಿಯ ಗ್ರಾನೈಟು. ಆರಿದ ಮೇಲೆ ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಆಗ ಆ ಪ್ರದೇಶದಲ್ಲಿ ಈಗಿನಷ್ಟು ಒಣಹವೆ ಇರಲಿಲ್ಲ. ಮಣ್ಣಿನೊಳಗಿನ ನೀರು ಬಿರುಕುಗಳಿಗೆ ಇಳಿದು ಮೂಲೆಗಳನ್ನು ಕೊರೆದು, ಚೌಕದ ಕಲ್ಲುಗಳನ್ನು ನೆಲದೊಳಗೇ ದುಂಡಗೆ ಮಾಡಿತು. ಆಮೇಲೆ ಹವೆ ಒಣಗಿತು, ಆಗೊಮ್ಮೆ ಈಗೊಮ್ಮೆ ಬಂದ ಪ್ರವಾಹ ಮೇಲಿನ ಮಣ್ಣನ್ನು ತೊಳೆದುಕೊಂಡು ಹೋಯಿತು. ಒಳಗಿದ್ದ ಗುಂಡುಗಳು ಒಂದರ ಮೇಲೊಂದು ಕೂತು ಹೊರಗೆ ಬಂದವು. ಮರುಭೂಮಿಯ ಬಂಡೆಯನ್ನು ಗಾಳಿ ಸವೆಸಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಅಲ್ಲಿ ದೊಡ್ಡ ಕೆಲಸ ಮಾಡಿದ್ದು ನೀರು. ನಮ್ಮ ಯಾಣದಲ್ಲೂ ಹಾಗೇ ಅಲ್ವಾ? ಕಲ್ಲು ಮಾತ್ರ ಬೇರೆ, ಅದು ಕಪ್ಪು ಸುಣ್ಣದ ಕಲ್ಲು.

ಈ ಕಥೆ ಹತ್ತುವವರಿಗೂ ಬೇಕು. ನಿಧಾನವಾಗಿ ಆರಿದ್ದರಿಂದ ಆ ಗ್ರಾನೈಟಿನ ಹರಳುಗಳು ದಪ್ಪ. ಮೇಲ್ಮೈ ತುಂಬಾ ಒರಟು. ಬೂಟಿನ ರಬ್ಬರು ಚೆನ್ನಾಗಿ ಕಚ್ಚುತ್ತದೆ, ಹಿಡಿಯಲು ಏನೂ ಇಲ್ಲದ ಇಳಿಜಾರಿನಲ್ಲೂ ಕಾಲನ್ನೇ ನಂಬಿ ನಡೆಯಬಹುದು. ಆದರೆ ಬೆರಳಿನ ಚರ್ಮ ಬೇಗ ಹೋಗುತ್ತದೆ. ಬಾದಾಮಿಯ ಮರಳುಗಲ್ಲಿನ ಅಭ್ಯಾಸ ಇಟ್ಟುಕೊಂಡು ಅಲ್ಲಿ ಮೊದಲ ದಿನವೇ ಎಳೆದಾಡಬೇಡ. ಬಿರುಕಿನೊಳಗೆ ಕೈ ತೂರಿಸುವ ದಾರಿಗಳು ಅಲ್ಲಿ ಜಾಸ್ತಿ. ಕೈಯನ್ನು ಚಪ್ಪಟೆಯಾಗಿ ಒಳಗೆ ಬಿಟ್ಟು, ಹೆಬ್ಬೆರಳನ್ನು ಅಂಗೈಗೆ ಮಡಚಿದರೆ ಅಂಗೈ ಉಬ್ಬಿ ಬಿರುಕಿಗೆ ಗಟ್ಟಿಯಾಗಿ ಕೂರುತ್ತದೆ. ಆಗ ಬೆರಳಿಗೆ ಭಾರವಿಲ್ಲ, ಆದರೆ ಅಂಗೈಯ ಹಿಂಬದಿ ಹರಳಿಗೆ ಉಜ್ಜಿ ರಕ್ತ ಬರುತ್ತದೆ. ಟೇಪು ಸುತ್ತಿಕೊಂಡೇ ಹೋಗು.

ಇನ್ನೊಂದು. ಜಿಮ್ಮಿನಲ್ಲಿ 5.10 ಹತ್ತುತ್ತೇನೆ ಎಂದಿದ್ದೆ. ದಾರಿ ಎಷ್ಟು ಕಷ್ಟ ಎಂದು ಹೇಳುವ ಅಂಕ ತಾನೇ ಅದು, ಚುಕ್ಕಿಯ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಕಷ್ಟ ಜಾಸ್ತಿ. ಅಲ್ಲಿನ ಹಳೆಯ ದಾರಿಗಳಿಗೆ ಅಂಕ ಕೊಟ್ಟವರ ಕೈ ತುಂಬಾ ಬಿಗಿ. ಸಂಖ್ಯೆ ಸಣ್ಣದು ಎಂದು ಹಗುರ ಮಾಡಬೇಡ. 5.6, 5.7ರಿಂದಲೇ ಶುರು ಮಾಡು.

ಇಳಿಯುವ ಮಾತಿಗೆ ಬರುತ್ತೇನೆ. ಅಲ್ಲಿನ ಎಷ್ಟೋ ಬಂಡೆಗಳ ತಲೆಯ ಮೇಲೆ ಹಗ್ಗ ಕಟ್ಟಲು ಬೋಲ್ಟು ಇರುವುದಿಲ್ಲ. ಹತ್ತಿದವರೇ ನಟ್, ಕ್ಯಾಮ್ ಎಂಬ ಲೋಹದ ಸಲಕರಣೆಗಳನ್ನು ಬಿರುಕಿಗೆ ಸಿಕ್ಕಿಸಿ ಆಧಾರ ಮಾಡಿಕೊಳ್ಳಬೇಕು. ಜೊತೆಯವಳು ಮೇಲೆ ಬಂದ ಮೇಲೆ ಅದನ್ನು ಬಿಚ್ಚಿ ಹಿಂಬದಿಯಿಂದ ಇಳಿಯಬೇಕು. ಆ ಹಿಂಬದಿಯಲ್ಲಿ ಹಗ್ಗ ಇರುವುದಿಲ್ಲ, ಸುಸ್ತು ಇರುತ್ತದೆ, ಕೆಲಸ ಮುಗಿಯಿತು ಎಂಬ ಸಮಾಧಾನ ಇರುತ್ತದೆ. ನನಗೆ ಹೆದರಿಕೆ ಇರುವುದು ಅಲ್ಲೇ. ನವೆಂಬರಿನ ಕೊನೆಗೆ ಅಲ್ಲಿ ಐದು ಗಂಟೆಯಾಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಹತ್ತುವಾಗ ಕಂಡ ಕಲ್ಲು ಇಳಿಯುವಾಗ ಕಾಣುವುದಿಲ್ಲ. ತಲೆಗೆ ಕಟ್ಟುವ ಲೈಟು ಕೆಳಗೆ ಚೀಲದಲ್ಲಿ ಬಿಟ್ಟು ಹೋಗಬೇಡ, ನಿನ್ನ ಜೊತೆಗೇ ಇರಲಿ.

ಲಿನ್ ಹಿಲ್ ಹೆಸರು ನಿನಗೆ ಗೊತ್ತಿರುತ್ತದೆ. ಹದಿಹರೆಯದಲ್ಲಿ ಜೋಶುವಾ ಟ್ರೀಯ ಬಂಡೆಗಳ ಮೇಲೆ ಪಳಗಿದವಳು. 1993ರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ದಾರಿಯನ್ನು, ಸಲಕರಣೆ ಹಿಡಿದು ಎಳೆದುಕೊಳ್ಳದೆ ಬರೀ ಕೈಕಾಲಿನ ಬಲದಲ್ಲಿ ಮೊದಲು ಹತ್ತಿದ್ದು ಅವಳು. ಗಂಡಸರಿಗೂ ಅದುವರೆಗೆ ಆಗಿರಲಿಲ್ಲ. ಅಂಥವಳು 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಹಗ್ಗದ ಗಂಟು ಅರ್ಧಕ್ಕೇ ಬಿಟ್ಟು ಹತ್ತಿದ್ದಳು. ಹತ್ತುವಷ್ಟು ಹೊತ್ತೂ ಏನೂ ಆಗಲಿಲ್ಲ. ಮೇಲೆ ಮುಟ್ಟಿ, ಇಳಿಯಲು ಹಗ್ಗಕ್ಕೆ ಮೈಭಾರ ಬಿಟ್ಟಾಗ ಗಂಟು ಕಳಚಿತು. 20 ಮೀಟರಿಗೂ ಜಾಸ್ತಿ ಕೆಳಗೆ ಬಿದ್ದಳು. ಮರದ ಕೊಂಬೆ ಅಡ್ಡ ಸಿಕ್ಕಿ ಜೀವ ಉಳಿಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಬಲ್ಲವಳಿಗೇ ಹಾಗಾದರೆ, ಗಂಟನ್ನು ಇನ್ನೊಬ್ಬರು ನೋಡುವುದರಲ್ಲಿ ನಾಚಿಕೆ ಏನು? ನಿನ್ನದನ್ನು ಜೊತೆಯವಳು ನೋಡಲಿ, ಅವಳದನ್ನು ನೀನು ನೋಡು. ಮಾತಾಡುತ್ತಾ ಗಂಟು ಹಾಕಬೇಡ. ಹಗ್ಗದ ಆಚೆ ತುದಿಗೂ ಒಂದು ಗಂಟು ಇರಲಿ. ಇಳಿಸುವಾಗ ಹಗ್ಗ ಸಾಲದೆ ತುದಿ ಕೈತಪ್ಪಿ ಹೋಗಿ ಬಿದ್ದವರು ಇದ್ದಾರೆ.

ಈಗ ನಮ್ಮಲ್ಲಿ ಅಡಿಕೆ ಕೊನೆ ಕೊಯ್ಲು. ಕೊನೆಗೌಡ ಮರದ ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗಕ್ಕೆ ಹಾಕಿ ಬಿಡುತ್ತಾನೆ, ಅದು ಹಗ್ಗದ ಗುಂಟ ಜಾರಿ ಬರುತ್ತದೆ. ಕೆಳಗೆ ಹಗ್ಗ ಬಿಗಿ ಹಿಡಿದು ನಿಂತವನ ಕಣ್ಣು ನೋಡಿದ್ದೀಯಲ್ಲ, ಕವಳ ಹಾಕುವಾಗಲೂ ಮೇಲಿನಿಂದ ಕದಲುವುದಿಲ್ಲ. ನಿನಗೆ ಬಿಲೇ ಕೊಡುವವಳೂ, ಅಂದರೆ ಕೆಳಗೆ ನಿನ್ನ ಹಗ್ಗ ಹಿಡಿದು ನಿಲ್ಲುವವಳೂ, ಹಾಗಿರಬೇಕು. ಫೋನು ನೋಡುವವಳಾದರೆ ಅವಳ ಹಗ್ಗದಲ್ಲಿ ಹತ್ತಬೇಡ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಬೌಲ್ಡರಿಂಗ್ ಅಂದರೆ ಚಿಕ್ಕ ಗುಂಡು, ಭಯ ಇಲ್ಲ ಎಂದು ನೀನು ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಹಗ್ಗ ಇಲ್ಲದ ಮೇಲೆ ಪ್ರತಿ ಸಲ ಬೀಳುವುದೂ ನೆಲಕ್ಕೇ. ಕೆಳಗೆ ಹಾಸುವ ಮೆತ್ತನೆಯ ಪ್ಯಾಡುಗಳ ನಡುವೆ ಸಂದು ಇರದ ಹಾಗೆ ಹಾಸಿಕೊಳ್ಳಿ, ಸಂದಿನಲ್ಲಿ ಕಾಲು ಸಿಕ್ಕಿದರೆ ಪಾದದ ಗಂಟು ಹೋಯಿತು. ಕೆಳಗೆ ನಿಂತವರ ಕೆಲಸ ನಿನ್ನನ್ನು ಎತ್ತಿ ಹಿಡಿಯುವುದಲ್ಲ, ತಲೆ ಮತ್ತು ಬೆನ್ನು ಪ್ಯಾಡಿನ ಮೇಲೇ ಬೀಳುವ ಹಾಗೆ ತಿರುಗಿಸುವುದು. ದುಂಡು ಕಲ್ಲಿನ ಮೇಲೆ ಹತ್ತಿ ನಿಂತ ಮೇಲೆ ಸುತ್ತ ನಾಲ್ಕು ಕಡೆಯೂ ಜಾರೇ ಇರಬಹುದು. ಮೊದಲೇ ಒಂದು ಸುತ್ತು ಹಾಕಿ, ಸುಲಭದ ಬದಿ ಯಾವುದೆಂದು ನೋಡಿಟ್ಟುಕೋ. ಇಳಿಯಲು ಬದಿಯೇ ಇಲ್ಲದ ಗುಂಡನ್ನು ಬಿಟ್ಟುಬಿಡು.

ಗೋಡೆಯ ಮೇಲೆ ಹಳೆಯ ಚಿತ್ರ ಕಂಡರೆ ಆ ಬಂಡೆಯಿಂದ ದೂರ ಇರು. ಸೆರಾನೊ, ಚೆಮೆಹುವೇವಿ, ಕವಿಯಾ ಜನ ಬಾಳಿದ ನೆಲ ಅದು. ಯಾಣದ 120 ಮೀಟರಿನ ಭೈರವೇಶ್ವರ ಶಿಖರಕ್ಕೆ ಸುತ್ತು ಬಂದು ಕೈಮುಗಿದು ಬರುವವರು ನಾವು. ಎಲ್ಲ ಕಲ್ಲೂ ಹತ್ತಲಿಕ್ಕೇ ಇರುವುದಲ್ಲ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಜೋಶುವಾ ಮರಕ್ಕೂ ಹಗ್ಗ ಕಟ್ಟಬೇಡಿ, ಅಲ್ಲಿ ಗಿಡಮರಕ್ಕೆ ಹಗ್ಗ ಕಟ್ಟುವ ಹಾಗಿಲ್ಲ. ಅದು ನಮ್ಮ ಬೇಲಿಯ ಕತ್ತಾಳೆಯ ಕುಟುಂಬದ್ದು. ಅದರ ಹೂವಿಗೆ ಪರಾಗ ಮುಟ್ಟಿಸುವುದು ಒಂದು ಪುಟ್ಟ ಪತಂಗ.

ನೀರು ಊರಿನಿಂದಲೇ ತುಂಬಿಸಿಕೊಂಡು ಹೋಗಿ. ಬಂಡೆಗಳಿರುವ ಒಳಭಾಗದಲ್ಲಿ ನಲ್ಲಿ ಇಲ್ಲ. ಒಬ್ಬರಿಗೆ ದಿನಕ್ಕೆ ಕಡಿಮೆಯೆಂದರೆ 4 ಲೀಟರ್, ಮೈ ದಂಡಿಸುವವರಿಗೆ ಅದರ ಎರಡರಷ್ಟು ಬೇಕು. ಚಳಿಗಾಲವಾದರೂ ಗಾಳಿ ಒಣ, ಬೆವರು ಹೋದದ್ದೇ ಗೊತ್ತಾಗುವುದಿಲ್ಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ, ದಪ್ಪ ಸ್ವೆಟರ್ ಮರೆಯಬೇಡ. ಚೋಯಾ ಎಂಬ ಕಳ್ಳಿಯ ಮುಳ್ಳಿಗೆ ಕೊಕ್ಕೆ ಇರುತ್ತದೆ, ಬೆರಳಿನಿಂದ ಕೀಳಲು ಹೋದರೆ ಬೆರಳಿಗೂ ಹಿಡಿಯುತ್ತದೆ. ಒಂದು ಬಾಚಣಿಗೆ ಚೀಲದಲ್ಲಿರಲಿ, ಅದರಿಂದ ಎಬ್ಬಿಸಿ ತೆಗೆಯಬಹುದು.

ಒಳಗೆ ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ ಇಲ್ಲ. ಆ ದಿನ ಯಾವ ಬಂಡೆಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ ಎಂದು ಅಲ್ಲೇ ಇರುವ ಯಾರಿಗಾದರೂ ಬರೆದು ಕೊಟ್ಟು ಹೋಗಿ. ನನಗೂ ಒಂದು ಪ್ರತಿ ಕಳಿಸು. ಸಂಜೆ ಊರು ಸೇರಿದ ಕೂಡಲೇ ಮೆಸೇಜ್ ಹಾಕು. ನಿಮ್ಮ ಏಳು ಗಂಟೆಗೆ ನಮಗೆ ಮರುದಿನ ಬೆಳಿಗ್ಗೆ ಎಂಟೂವರೆ, ತಿಂಡಿ ಮಾಡುತ್ತಾ ಇರುತ್ತೇನೆ. ಫೋನನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ
ಆಯಿ